ಕಾವಲಿಗೆ ಅವ್ವನನ್ನು ಕೊಡಲಿಲ್ಲ

ರೆಕ್ಕೆಹಟ್ಟಿ, ಕಾವಲಿನ ಅಂಚು.
ನಾವು ಇಲ್ಲಿಗೆ ಬಂದಿಳಿದ ನೂರ ಇಪ್ಪತ್ತನೆಯ ವರ್ಷ, ಮೇವಿನ ತಿಂಗಳು. ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ಎರಡು ಸಾವಿರದ ಇನ್ನೂರ ಮೂವತ್ತೊಂದು, ನವೆಂಬರ್ ಇರಬಹುದು.

ಏಳು ತಲೆ ಹಿಂದಿನ ಅಜ್ಜಿ ಗಂಗಮಾಳವ್ವನವರಿಗೆ ಪಾಲಕ್ಕ ಮಾಡುವ ಶರಣು.

ಈ ತಾರೀಖು ನೋಡಿ ನೀವು ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೂ ಹುಟ್ಟದವರು ಕಾಗದ ಬರೆದರೆ ಯಾರು ತಾನೇ ನಂಬುತ್ತಾರೆ? ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ಓದಿ ಓದಿ ರೂಢಿ ಮಾಡಿಕೊಂಡಿದ್ದೇನೆ, ಆದರೂ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ನಡೆದ ಹಾಗಾಗುತ್ತಿದೆ. ನಿಮ್ಮಲ್ಲಿ ಇಲ್ಲದ ಎಷ್ಟೋ ವಸ್ತುಗಳಿಗೆ ನಾವು ಹೆಸರಿಟ್ಟಿದ್ದೇವೆ. ನಿಮ್ಮಲ್ಲಿದ್ದ ಎಷ್ಟೋ ವಸ್ತುಗಳ ಬರೀ ಹೆಸರು ನಮ್ಮಲ್ಲಿ ಉಳಿದಿದೆ. ನನ್ನ ಮೊಮ್ಮಗಳು ಟ್ರಾಫಿಕ್ ಎಂದರೆ ಒಂದು ಬಗೆಯ ಜ್ವರ ಎಂದುಕೊಂಡಿದ್ದಾಳೆ. ನಾನು ತಿದ್ದಲು ಹೋಗಿಲ್ಲ.

ನಮ್ಮ ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡರೆ, ಕೊನೆಯ ಕೆಲಸವೆಲ್ಲ ಮುಗಿದ ಮೇಲೆ ಮನೆಯ ಹಿರಿಯ ಮಗಳೋ ಮಗನೋ ಹಿಂದೋಲೆ ಬರೆಯುವುದು ಪದ್ಧತಿ. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಓಲೆ. ವಂಶದಲ್ಲಿ ಏಳು ತಲೆ ಹಿಂದಿನವರೊಬ್ಬರನ್ನು ಆರಿಸಿಕೊಂಡು, ಇಂಥವರು ನಿಮ್ಮ ಕಡೆ ಬರುತ್ತಿದ್ದಾರೆ, ಗುರುತು ಹಿಡಿದು ಒಳಗೆ ಕರೆದುಕೊಳ್ಳಿ ಎಂದು ಬರೆದು, ಹಳೆಯ ಗಾಳಿಯಂತ್ರದ ಕಂಬ ಹತ್ತಿ ತುದಿಯಿಂದ ಗಾಳಿಗೆ ಬಿಡುತ್ತೇವೆ. ಸಾಮಾನ್ಯವಾಗಿ ನಾಲ್ಕು ಸಾಲು ಬರೆದರೆ ಮುಗಿಯಿತು. ನಾನು ನಾಲ್ಕು ಸಾಲಿಗೆ ನಿಲ್ಲುವವಳಲ್ಲ ಎಂದು ಹಟ್ಟಿಗೆಲ್ಲ ಗೊತ್ತಿದೆ, ಇನ್ನು ನಿಮಗೂ ಗೊತ್ತಾಗುತ್ತದೆ.

ತೀರಿಕೊಂಡವಳು ನನ್ನ ಅವ್ವ, ಬೋರಕ್ಕ. ತುಂಬಿದ ವಯಸ್ಸು, ಹೆಚ್ಚು ನರಳಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ, ಹುಲ್ಲು ಬೆಳೆಯುವ ಈ ಕಾವಲಿನಲ್ಲಿ ಮೊದಲೇ ಹೋದ ನಮ್ಮಪ್ಪನ ಮಗ್ಗುಲು ಸೇರುವುದು. ನಾನು ಅದಕ್ಕೆ ಒಪ್ಪಲಿಲ್ಲ. ಅವಳು ನಿಮ್ಮ ಹತ್ತಿರ ಬಂದು ದೂರು ಹೇಳುವ ಮೊದಲು ನನ್ನ ಮಾತನ್ನೂ ಒಂದಿಷ್ಟು ಕೇಳಿಬಿಡಿ ಎಂದು ಈ ಉದ್ದದ ಓಲೆ. ನಿಮ್ಮನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನೀವು ಕುರಿ ಸಾಕಿದವರು, ರೈತರ ಹೊಲಗಳಲ್ಲಿ ಮಂದೆ ತರುಬಿ ಗೊಬ್ಬರ ಕೊಟ್ಟು ಬದುಕಿದವರು ಎಂಬ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದೆ. ಗೊಬ್ಬರದ ಗುಣ ಬಲ್ಲವರಿಗೆ ನನ್ನ ಸಂಕಟ ಬೇಗ ಅರ್ಥವಾಗುತ್ತದೆ.

ನಾವಿರುವುದು ನೀವು ಕುರಿ ಮೇಯಿಸಿದ ಅದೇ ಕಾವಲಿನ ಅಂಚಿನಲ್ಲಿ. ನಿಮ್ಮ ಕಾಲದಲ್ಲಿ ಗುಡ್ಡದ ಮೇಲೆ ಸಾಲಾಗಿ ತಿರುಗುತ್ತಿದ್ದ ಗಾಳಿಯಂತ್ರಗಳು ಈಗ ತಿರುಗುವುದಿಲ್ಲ. ಅವುಗಳ ರೆಕ್ಕೆಗಳನ್ನು ಇಳಿಸಿಕೊಂಡು ಬೋರಲು ಹಾಕಿ ಮನೆಗಳಿಗೆ ಸೂರು ಮಾಡಿದ್ದೇವೆ, ರೆಕ್ಕೆಹಟ್ಟಿ ಎಂಬ ಹೆಸರು ಬಂದದ್ದು ಹಾಗೆ. ಒಂದೊಂದು ರೆಕ್ಕೆಯ ಕೆಳಗೆ ಎರಡು ಮೂರು ಸಂಸಾರ. ಮನೆಯ ಅರ್ಧ ನೆಲದೊಳಗೆ, ಅರ್ಧ ಮೇಲೆ. ಮಳೆ ಬಂದರೆ ನೀರು ರೆಕ್ಕೆಯ ಬೆನ್ನಿನ ಮೇಲೆ ಜಾರಿ ತುದಿಯಲ್ಲಿರುವ ಹೊಂಡಕ್ಕೆ ಬೀಳುತ್ತದೆ. ಯಾವ ಸಂಸಾರದ ಮಗ್ಗುಲಿಗೆ ಹೊಂಡ ಬಂತು ಎಂಬುದರ ಮೇಲೆ ನಮ್ಮ ಅರ್ಧ ಜಗಳಗಳು ನಡೆಯುತ್ತವೆ. ಬೇಸಿಗೆಯಲ್ಲಿ ಹೊತ್ತು ನೆತ್ತಿಗೇರುವ ಮೊದಲೇ ಎಲ್ಲರೂ ಒಳಗೆ ಸೇರಿಕೊಳ್ಳಬೇಕು. ಆ ಹೊತ್ತಿನಲ್ಲಿ ಹೊರಗೆ ಸುತ್ತುವವರನ್ನು ಬಿಸಿಲುಗೇಡಿ ಎಂದು ಬೈಯುತ್ತೇವೆ. ಸಜ್ಜೆ ರೊಟ್ಟಿ, ಹುರುಳಿ ಸಾರು, ಕುರಿ ಹಾಲಿನ ಮಜ್ಜಿಗೆ, ಇಷ್ಟರಲ್ಲಿ ನಮ್ಮ ಹೊಟ್ಟೆ ತುಂಬುತ್ತದೆ. ನಮ್ಮನ್ನು ನೋಡಿ ಅಯ್ಯೋ ಎನ್ನಬೇಡಿ. ನಗುವುದಕ್ಕೆ ನಮಗೇನೂ ಬರವಿಲ್ಲ.

ದೊಡ್ಡ ಬಿಸಿಲಿನ ವರ್ಷಗಳಲ್ಲಿ ನಮ್ಮ ಹಿರಿಯರು ಊರುಗಳನ್ನು ಬಿಟ್ಟು ಇಲ್ಲಿಗೆ ಬಂದಾಗ ಸತ್ತವರನ್ನು ಸುಡಲು ಸೌದೆ ಇರಲಿಲ್ಲ, ಹೂಳೋಣವೆಂದರೆ ಕಲ್ಲುನೆಲ ಹಸಿದು ಬಂದವರ ಗುದ್ದಲಿಗೆ ಬಗ್ಗಲಿಲ್ಲ. ಆಗ ಕಟ್ಟಿದ್ದು ಮಣ್ಣುಮನೆ. ಕಲ್ಲಿನ ತೊಟ್ಟಿಯೊಳಗೆ ಒಣಹುಲ್ಲು, ಸೊಪ್ಪು, ಕುರಿಹಿಕ್ಕೆ ಹಾಸಿ, ಸತ್ತವರನ್ನು ಮಲಗಿಸಿ, ಮೇಲೆ ಮತ್ತೆ ಹುಲ್ಲು ಹೊದಿಸಿ, ಮುಚ್ಚಿ ಬಿಡುತ್ತೇವೆ. ಕೆಲವು ತಿಂಗಳು ಕಳೆದು ತೆರೆದರೆ ಒಳಗಿರುವುದು ಕಪ್ಪಗೆ ಉದುರುದುರಾದ ಮಣ್ಣು. ಮೂಗು ಮುಚ್ಚಿಕೊಳ್ಳಬೇಡಿ ಅಜ್ಜಿ. ನಮ್ಮಪ್ಪ ತಿಪ್ಪಯ್ಯನ ಮಣ್ಣನ್ನು ನಾನೇ ಬೊಗಸೆಯಲ್ಲಿ ಎತ್ತಿದ್ದೇನೆ, ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತಿತ್ತು. ಬದುಕಿದ್ದಾಗ ಆ ಮನುಷ್ಯ ಅಷ್ಟು ಚೆನ್ನಾಗಿ ನಾರುತ್ತಿರಲಿಲ್ಲ ಎಂದು ಅವ್ವ ಅಳುತ್ತಲೇ ಹೇಳಿದ್ದಳು.

ಆ ಮಣ್ಣನ್ನು ಕಾವಲಿಗೆ ಕೊಡಬೇಕು ಎಂಬುದು ಮೊದಲ ದಿನದಿಂದ ಬಂದ ಕಟ್ಟಳೆ. ಕಾವಲು ಕುರಿಗಳನ್ನು ಸಾಕಿತು, ಕುರಿಗಳು ನಮ್ಮನ್ನು ಸಾಕಿದವು, ತಿಂದ ಋಣ ತೀರಿಸಬೇಡವೇ? ಪ್ರತಿ ಮನೆಗೂ ಕಾವಲಿನಲ್ಲಿ ಒಂದು ತುಂಡು ನೆಲ ಗೊತ್ತು ಮಾಡಿದ್ದಾರೆ. ಅದನ್ನು ಮಡಿಲು ಎನ್ನುತ್ತೇವೆ. ಆ ಮನೆಯಲ್ಲಿ ಸತ್ತವರನ್ನೆಲ್ಲ ಆ ಮಡಿಲಿನಲ್ಲೇ ಹರಡುತ್ತೇವೆ. ಉಳುವುದಿಲ್ಲ, ಬಿತ್ತುವುದಿಲ್ಲ, ಅಲ್ಲಿ ಕುರಿಯನ್ನೂ ಬಿಡುವುದಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಕೂಗುಹಬ್ಬ. ಮನೆಮಂದಿಯೆಲ್ಲ ತಮ್ಮ ಮಡಿಲಿನ ಸುತ್ತ ಮಂಡಿಯೂರಿ ಕೂರುತ್ತಾರೆ. ಹಿರಿಯರು ಗಿಡಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ, ಮಕ್ಕಳು ಹುಡುಕಿ, ಸಿಕ್ಕ ಗಿಡದ ಪರವಾಗಿ ಇದ್ದೇನೆ ಎಂದು ಓಗೊಡುತ್ತಾರೆ. ತುಂಬೆ ಎಂದು ಕೂಗಿದರೆ "ಐದೀನಿ!" ಕಾಡುಹುರುಳಿ ಎಂದರೆ "ಐದೀನಿ!" ನಾನು ಚಿಕ್ಕವಳಿದ್ದಾಗ ಈ ಕೂಗು ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿ, ಹೊಟ್ಟೆ ಹಸಿದು, ತಂದ ಬುತ್ತಿಯ ಮೇಲೆ ಎಲ್ಲರ ಕಣ್ಣು ಬಿದ್ದಿರುತ್ತಿತ್ತು.

ಈಗ ಬುತ್ತಿ ಬಿಚ್ಚುವ ಮೊದಲೇ ಹಬ್ಬ ಮುಗಿದುಹೋಗುತ್ತದೆ. ಎಲ್ಲರ ಮಡಿಲಿನಲ್ಲೂ ಆಳೆತ್ತರದ ಹಂಚಿಹುಲ್ಲು ಒಂದೇ ನಿಂತಿದೆ. ಅದರ ಹೆಸರು ಕೂಗಿದರೆ ಹುಡುಕುವುದೇ ಬೇಡ, ಮಕ್ಕಳು ಕೂತಲ್ಲಿಂದಲೇ ಓಗೊಡುತ್ತಾರೆ. ಉಳಿದ ಹೆಸರುಗಳಿಗೆ ಉತ್ತರವಿಲ್ಲ. ಅವ್ವನಿಗೆ ವಿಷ್ಣುಕ್ರಾಂತಿ ಎಂದರೆ ಪ್ರಾಣ. ನೆಲಕ್ಕೆ ಅಂಟಿಕೊಂಡು ಹಬ್ಬಿ, ಬೆಳಿಗ್ಗೆ ಹೊತ್ತು ಉಗುರಿನಷ್ಟು ನೀಲಿ ಹೂ ಬಿಡುವ ಗಿಡ ಅದು, ನಿಮಗೆ ಗೊತ್ತಿರುತ್ತದೆ. ನಮ್ಮ ಮಡಿಲಿನಲ್ಲಿ ಅದು ಕಾಣದೆ ಎಷ್ಟೋ ಮಳೆಗಾಲ ಕಳೆದಿದ್ದರೂ ಅವ್ವ ಪ್ರತಿ ಹಬ್ಬಕ್ಕೂ ಅದರ ಹೆಸರು ಕೂಗುತ್ತಿದ್ದಳು. ಕೂಗಿ ಕಾಯುತ್ತಿದ್ದಳು. ನಾವೆಲ್ಲ ಎಲ್ಲೆಲ್ಲೋ ನೋಡುತ್ತಿದ್ದೆವು.

ಇದಕ್ಕೆ ಮಳೆ ಕಾರಣ ಎಂದರು, ಬಿಸಿಲು ಎಂದರು, ಕೆಲವರು ಹಿರಿಯರ ಕೋಪ ಎಂದೂ ಹೇಳಿದರು. ನಿಜ ಕಂಡದ್ದು ಒಂದು ಕೂಗುಹಬ್ಬದ ದಿನ. ಹಬ್ಬ ಬೇಗ ಮುಗಿದು ಬೇಸರಗೊಂಡ ಮಕ್ಕಳು ಬಿಟ್ಟಮಡಿಲಿಗೆ ಓಡಿದರು. ಬಿಟ್ಟಮಡಿಲು ಎಂದರೆ, ಮೊದಲ ವರ್ಷವೇ ಇಲ್ಲಿರಲಾಗದೆ ಎದ್ದುಹೋದ ಒಂದು ಸಂಸಾರಕ್ಕೆ ಕೊಟ್ಟಿದ್ದ ನೆಲ. ಅಲ್ಲಿ ಯಾರ ಮಣ್ಣೂ ಬಿದ್ದಿಲ್ಲ. ಮಕ್ಕಳು ಆಟಕ್ಕೆಂದು ಅಲ್ಲಿ ಹೆಸರು ಕೂಗಲು ಶುರು ಮಾಡಿದರು. ಓಗೊಡುವ ದನಿ ನಿಲ್ಲಲೇ ಇಲ್ಲ. ತುಂಬೆ, ಕಾಡುಹುರುಳಿ, ನೆಲನೆಲ್ಲಿ, ನಾನು ಮರೆತೇ ಹೋಗಿದ್ದ ಹೆಸರುಗಳು. ನಾನು ಎದ್ದು ಹೋಗಿ ನೋಡಿದೆ. ಗೇಣುದ್ದ ಬೆಳೆಯಲೂ ಒದ್ದಾಡುವ ಬಡಕಲು ಗಿಡಗಳ ನಡುವೆ ವಿಷ್ಣುಕ್ರಾಂತಿ ಹಬ್ಬಿತ್ತು. ಗೊರಸಿನ ಗುರುತಿನಂಥ ಒಂದು ತಗ್ಗಿನಲ್ಲಿ ನೆಲಗುಬ್ಬಿ ಮೊಟ್ಟೆ ಇಟ್ಟಿತ್ತು. ನಮ್ಮ ಮಡಿಲಿಗೂ ಅದಕ್ಕೂ ಮಳೆ ಬೇರೆಯಲ್ಲ, ಬಿಸಿಲು ಬೇರೆಯಲ್ಲ. ಬೇರೆ ಇದ್ದದ್ದು ಒಂದೇ. ಅಲ್ಲಿ ಅಪ್ಪ ಇರಲಿಲ್ಲ, ಯಾರೂ ಇರಲಿಲ್ಲ.

ಆಮೇಲೆ ನಾನು ಇದನ್ನೇ ಹಿಡಿದು ಕೂತೆ. ಹಳಬರು ಬರೆದಿಟ್ಟದ್ದನ್ನು ಓದಿದೆ, ಹುಲ್ಲು ಕಿತ್ತು ಬೇರು ನೋಡಿದೆ, ನೆರಳು ಅಳೆದೆ. ನನಗೆ ತಿಳಿದದ್ದನ್ನು ಹೇಳುತ್ತೇನೆ. ಕಾವಲಿನ ನೆಲ ಉಪವಾಸದ ನೆಲ. ಅಲ್ಲಿ ಗಿಡಗಳು ಪ್ರೀತಿಯಿಂದ ಹಂಚಿಕೊಂಡು ಬಾಳುತ್ತವೆ ಎಂದು ತಿಳಿಯಬೇಡಿ, ಬೇರು ಬೇರಿಗೂ ಕಿತ್ತಾಟವಿದೆ. ಆದರೆ ಒಬ್ಬೊಬ್ಬರ ಕೊರತೆ ಒಂದೊಂದು. ಹಂಚಿಹುಲ್ಲಿಗೆ ಮಣ್ಣಿನ ಸಾರ ಸಾಲದು, ಅದಕ್ಕೇ ಅದು ಎತ್ತರ ಹೋಗಲಾರದು. ಕಾಡುಹುರುಳಿ ತನ್ನ ಬೇರುಗಂಟಿನಲ್ಲೇ ಸಾರ ಮಾಡಿಕೊಳ್ಳುತ್ತದೆ, ಅದರ ಪರದಾಟ ಬೇರೆಯದಕ್ಕೆ. ಒಂದು ಮೊದಲ ಮಳೆಗೆ ಎದ್ದು ಬೇಗ ಕಾಯಿ ಕಟ್ಟಿ ಮುಗಿಸುತ್ತದೆ, ಇನ್ನೊಂದು ಆಳಕ್ಕೆ ಬೇರು ಬಿಟ್ಟು ಚಳಿಗಾಲಕ್ಕೆ ಕಾಯುತ್ತದೆ. ವಿಷ್ಣುಕ್ರಾಂತಿಗೆ ಸಾರ ಇಷ್ಟೇ ಇಷ್ಟು ಸಾಕು, ಬಿಸಿಲು ಮಾತ್ರ ಬೇಕೇ ಬೇಕು. ಕೊರತೆ ಹಲವು ಇದ್ದದ್ದರಿಂದ ಬಾಳುವವರೂ ಹಲವರಿದ್ದರು. ನಾವು ಹೋಗಿ ಪ್ರೀತಿಯಿಂದ ಆ ನೆಲಕ್ಕೆ ಅನ್ನ ಸುರಿದೆವು. ಮಣ್ಣಿನೊಳಗಿನ ಜಗಳಗಳೆಲ್ಲ ಮುಗಿದು ಹೋದವು, ಉಳಿದದ್ದು ಬಿಸಿಲಿನ ಜಗಳ ಒಂದೇ. ಬಿಸಿಲು ಮೇಲಿನಿಂದ ಬರುತ್ತದೆ. ಎತ್ತರದವನು ಮೊದಲು ಕುಡಿಯುತ್ತಾನೆ, ಕೆಳಗಿದ್ದವನಿಗೆ ಎಂಜಲೂ ಸಿಗುವುದಿಲ್ಲ. ನಿಮ್ಮ ಕಾಲದ ಕೆರೆಗಳಿಗೆ ಊರಿನ ಕೊಳೆ ಸೇರಿ, ನೀರೇ ಕಾಣದ ಹಾಗೆ ಒಂದೇ ಕಳೆ ಮುಚ್ಚಿಕೊಂಡಿತ್ತು ಎಂದು ಓದಿದ್ದೇನೆ. ನೀವು ಕೊಳೆಯಿಂದ ಮಾಡಿದ್ದನ್ನು ನಾವು ಭಕ್ತಿಯಿಂದ ಮಾಡಿದೆವು.

ನೀವು ಮಂದೆ ತರುಬಿದ ಹೊಲದಲ್ಲಿ ಗೊಬ್ಬರ ಪುಣ್ಯದ ಕೆಲಸ. ಅಲ್ಲಿ ರೈತನಿಗೆ ಬೇಕಾದದ್ದು ಒಂದೇ ಬೆಳೆ, ಮಿಕ್ಕದ್ದನ್ನು ಅವನೇ ಕಿತ್ತೆಸೆಯುತ್ತಾನೆ. ಕಾವಲಿನಲ್ಲಿ ನಮಗೆ ಎಲ್ಲರೂ ಬೇಕಿತ್ತು. ಹೊಲದ ನ್ಯಾಯವನ್ನು ಕಾವಲಿಗೆ ತಂದದ್ದೇ ಎಡವಟ್ಟಾಯಿತು. ಇದನ್ನೆಲ್ಲ ಕಟ್ಟೆಯಲ್ಲಿ ಹಟ್ಟಿಯವರ ಮುಂದೆ ನಿಂತು ಹೇಳಿದೆ. ಇನ್ನು ಮುಂದೆ ಯಾರ ಮಣ್ಣನ್ನೂ ಕಾವಲಿಗೆ ತರುವುದು ಬೇಡ, ಸಜ್ಜೆ ಹೊಲಕ್ಕೆ ಹಾಕೋಣ ಎಂದೆ. ಎದ್ದ ಗದ್ದಲವನ್ನು ನೀವು ಕೇಳಬೇಕಿತ್ತು. ಹೆತ್ತವರನ್ನು ರೊಟ್ಟಿ ಮಾಡಿಕೊಂಡು ತಿನ್ನು ಅಂತೀಯಾ ಎಂದು ಒಬ್ಬರು ಕೂಗಿದರು. ಎಲ್ಲರಿಗಿಂತ ಹೆಚ್ಚು ತಿರುಗಿಬಿದ್ದವನೆಂದರೆ ನನ್ನ ತಮ್ಮ ಓಬಳೇಶ. "ಇವ್ಳ ಮಾತು ಕೇಳ್ಬ್ಯಾಡ್ರಿ. ನಾಳೆ ನಮ್ಮವ್ವ ಹೋದಾಗ ನೋಡಾನ. ಹೇಳಾದು ಶಾಸ್ತ್ರ, ತಿನ್ನಾದು ಬದ್ನೆಕಾಯಿ!" ಎಂದ. ಎಲ್ಲರೂ ನಕ್ಕರು. ಕೊನೆಗೆ ಅವರವರ ಮನೆಯವರು ಅವರವರೇ ತೀರ್ಮಾನ ಮಾಡಿಕೊಳ್ಳಲಿ ಎಂದು ಎದ್ದುಹೋದರು. ಕಾವಲಿಗೆ ಮಣ್ಣು ಹಾಕುವುದನ್ನು ಯಾರೂ ನಿಲ್ಲಿಸಲಿಲ್ಲ. ಸತ್ತವರು ಒಬ್ಬರ ನಂತರ ಒಬ್ಬರು ಕಾವಲಿಗೇ ಹೋದರು, ಹುಲ್ಲು ಇನ್ನಷ್ಟು ಎತ್ತರವಾಯಿತು.

ಅವ್ವ ಅಂದು ಕಟ್ಟೆಯ ಮೂಲೆಯಲ್ಲೇ ಕೂತಿದ್ದಳು. ಮನೆಗೆ ಬಂದ ಮೇಲೆ ರೊಟ್ಟಿ ಮುರಿಯುತ್ತಾ ನನ್ನನ್ನು ಕೇಳಿದಳು: "ಅನ್ನ ಇಕ್ಕಿದ್ರೆ ಯಾರಾನ ಸಾಯ್ತಾರೇನೆ?" ನಾನು ಬೇರು, ಬಿಸಿಲು ಎಂದು ಮತ್ತೆ ಶುರು ಮಾಡಿದೆ. ಅವಳು ಕೈ ಎತ್ತಿ ತಡೆದಳು. "ಊರಿಗೆ ಏನಾನ ಹೇಳ್ಕ. ನನ್ನ ಮಾತ್ರ ನಿಮ್ಮಪ್ಪನ ಮಗ್ಗುಲಿಗೆ ಹಾಕ್ಬಿಡು. ಆ ಮನುಷ್ಯಂಗೆ ಒಬ್ನೇ ಮಲ್ಗಿ ಅಭ್ಯಾಸ ಇಲ್ಲ." ನಾನು ಗಡಿಗೆಯತ್ತ ತಿರುಗಿದೆ. ಮಜ್ಜಿಗೆ ಹಾಕಲೇ ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಹಾಕು ಎಂದಳು. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ.

ಅವಳ ಮಣ್ಣು ಸಿದ್ಧವಾದದ್ದು ಈ ತಿಂಗಳು. ಮಣ್ಣುಮನೆಯ ಬಾಗಿಲಲ್ಲಿ ಓಬಳೇಶ ಅವ್ವನನ್ನು ಕಾವಲಿಗೆ ಹೊರಲು ಹೊಸ ಮಂಕರಿ ಹಿಡಿದು ನಿಂತಿದ್ದ. ಸುತ್ತ ಅರ್ಧ ಹಟ್ಟಿ ನೆರೆದಿತ್ತು. ಕೆಲಸವಿಲ್ಲದೆ ಬಂದವರೇನಲ್ಲ, ನಾನು ಏನು ಮಾಡುತ್ತೇನೆ ಎಂದು ನೋಡಲೆಂದೇ ಬಂದವರು. ನಾನು ಸೋತರೆ ಕಾವಲಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಮತ್ತೆ ಯಾರ ಮುಂದೆಯೂ ಬಾಯಿ ತೆರೆಯುವ ಹಾಗಿರಲಿಲ್ಲ. ಗೆದ್ದರೆ ಅವ್ವನನ್ನು ಸೋಲಿಸಿದಂತಾಗುತ್ತಿತ್ತು. ಅಜ್ಜಿ, ಆ ಬೆಳಿಗ್ಗೆ ನನಗೆ ಅವ್ವ ಬೇಕಾಗಿದ್ದಳು, ಕಾವಲಲ್ಲ. ಒಂದು ಗಳಿಗೆ ಹಾಳಾಗಿ ಹೋಗಲಿ ಎಂದು ಮಂಕರಿಗೆ ಕೈ ಹಾಕಿಯೂ ಬಿಟ್ಟೆ. ಆಮೇಲೆ ಹಿಂದಕ್ಕೆ ತೆಗೆದೆ. ಸಜ್ಜೆ ಹೊಲಕ್ಕೆ ಎಂದೆ.

ಓಬಳೇಶನ ಕಣ್ಣು ಕೆಂಪಗಾಯಿತು. "ಊರೋರ್ಗೆಲ್ಲ ಅಲ್ಲಿ ಜಾಗ ಐತೆ, ನಮ್ಮವ್ವಂಗಿಲ್ವೇನೆ? ಒಂದು ಹೂವಿಗೆ ಜಾಗ ಬಿಡ್ತೀಯ, ಹೆತ್ತೋಳಿಗೆ ಬಿಡಲ್ವಾ?" ಎಂದ. ನಾನು ಅಳುತ್ತಲೇ ಹೇಳಿದೆ, ಅಪ್ಪ ಈಗ ಅಲ್ಲಿ ಮಲಗಿಲ್ಲ ಕಣೋ, ಅಷ್ಟೂ ಹುಲ್ಲಾಗಿ ಮೇಲೆ ನಿಂತಿದ್ದಾನೆ, ಅವ್ವನನ್ನೂ ಸುರಿದರೆ ಆ ಹುಲ್ಲು ಇನ್ನೊಂದು ಗೇಣು ಎತ್ತರವಾಗುತ್ತದೆ, ಅಷ್ಟೇ. ಅವನು ಸಿಟ್ಟಿನಲ್ಲಿ ಮಂಕರಿ ಕೆಳಗೆಸೆದು, "ಅಪ್ಪ ಹುಲ್ಲಾಗ್ಯವ್ನೆ ಅಂದ್ರೆ ಹೋಗು, ಅಪ್ಪನ್ನೇ ಕೊಯ್ಕಂಬಂದು ಅವ್ವನ ಮಗ್ಗುಲಿಗೆ ಹಾಕು!" ಎಂದ.

ಹಂಗಿಸಲೆಂದೇ ಹೇಳಿದ ಮಾತು. ಆದರೆ ಅದನ್ನು ಕೇಳಿ ನಾನು ಕಾವಲಿನ ಹುಲ್ಲಿನ ಕಡೆ ತಿರುಗಿ ನೋಡಿದೆ. ನಾನು ಇಷ್ಟು ದಿನ ಹೊಸ ಮಣ್ಣು ಬೀಳದಂತೆ ತಡೆಯುವುದನ್ನೇ ಯೋಚಿಸುತ್ತಿದ್ದೆ. ಬಿದ್ದದ್ದನ್ನು ಹೊರಗೆ ತರುವ ದಾರಿ ಹೊಳೆದಿರಲೇ ಇಲ್ಲ. ಹುಲ್ಲು ಪ್ರತಿ ವರ್ಷ ಮಣ್ಣಿನ ಸಾರವನ್ನು ಹೀರಿ ದಂಟಿನಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲೇ ಒಣಗಿ ಬಿದ್ದರೆ ಸಾರವೂ ಅಲ್ಲೇ ಇಳಿಯುತ್ತದೆ. ಹಸಿರಿದ್ದಾಗಲೇ ಕೊಯ್ದು ಹೊತ್ತು ತಂದರೆ ನೆಲ ಅಷ್ಟಷ್ಟೇ ಬಡವಾಗುತ್ತಾ ಬರುತ್ತದೆ. ಮಡಿಲಿನ ಹುಲ್ಲಿಗೆ ಕುಡುಗೋಲು ತಾಕಿಸಬಾರದು ಎಂದು ನಮ್ಮವರು ಭಕ್ತಿಯಿಂದ ಕಾದುಕೊಂಡು ಬಂದಿದ್ದರಿಂದ ಯಾರಿಗೂ ಅದು ತೋಚಿರಲಿಲ್ಲ.

ಮೊದಲು ಅವ್ವನನ್ನು ಸಜ್ಜೆ ಹೊಲದ ಮೂಡಲ ಮೂಲೆಯಲ್ಲಿ ಹರಡಿದೆವು. ಅಪ್ಪನನ್ನೂ ಅಲ್ಲಿಗೇ ತರೋಣ ಎಂದಿದ್ದಕ್ಕೆ ಓಬಳೇಶ ತಾನು ಎಸೆದ ಮಂಕರಿಯನ್ನು ತಾನೇ ಎತ್ತಿಕೊಂಡಿದ್ದ. ಆಮೇಲೆ ಇಬ್ಬರೂ ಕುಡುಗೋಲು ಹಿಡಿದು ಅಪ್ಪನ ಮಡಿಲಿಗೆ ಹೋದೆವು. ಮೊದಲ ಹಿಡಿಯನ್ನು ನಾನೇ ಕೊಯ್ದೆ. ನಮ್ಮ ಹಿಂದೆ ಬಂದವರು ಬಯ್ಯುತ್ತಾರೆ ಎಂದುಕೊಂಡಿದ್ದೆ, ಯಾರೂ ಬಯ್ಯಲಿಲ್ಲ. ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಹಟ್ಟಿಯ ನಡುವೆ ಬಂದೆವು. ಏನಯ್ಯಾ ಇದು ಎಂದು ಯಾರೋ ಕೇಳಿದರು. ಓಬಳೇಶ ನಿಲ್ಲದೆ, "ಅಪ್ಪನ್ನ ಅವ್ವನತ್ರ ಕರ್ಕಂಡೋಗ್ತಾ ಇದೀವಿ" ಎಂದ. ದಾರಿಯಲ್ಲಿದ್ದವರು ಪಕ್ಕಕ್ಕೆ ಸರಿದು ನಿಂತರು. ಹೊಲ ಮುಟ್ಟಿದ ಮೇಲೆ ಅವನು ದಿನಾ ಮೇವಿನ ಹೊರೆ ಎತ್ತಿ ಹಾಕುವ ಹಾಗೆ ಹಾಕಲಿಲ್ಲ. ಮಂಡಿಯೂರಿ, ಮೆಲ್ಲಗೆ ಇಳಿಸಿ, ಹುರಿ ಬಿಚ್ಚಿ, ಹುಲ್ಲನ್ನು ಅವ್ವನ ಮೇಲೆ ಕಂಬಳಿ ಹೊದಿಸಿದಂತೆ ಹರಡಿದ.

ಹಟ್ಟಿ ಒಂದೇ ದಿನಕ್ಕೆ ಬದಲಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೆಯ ದಿನ ಒಂದು ಮನೆಯವರು ಕುಡುಗೋಲು ಹಿಡಿದು ತಮ್ಮ ಮಡಿಲಿಗೆ ಹೋದರು. ಇನ್ನೊಬ್ಬರು ನಮ್ಮ ಮನೆಯ ನೀರು ಮುಟ್ಟುವುದನ್ನು ಬಿಟ್ಟಿದ್ದಾರೆ. ಇರಲಿ, ಕೋಪ ಬಂದವರಿಗೂ ಒಂದು ಕೆಲಸ ಬೇಕಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೀವಿರುವಾಗ ಈ ಕಾವಲನ್ನು ಬೀಳು, ಬರಡು, ಕೆಲಸಕ್ಕೆ ಬಾರದ ನೆಲ ಎಂದು ಕರೆಯುತ್ತಿದ್ದರಂತೆ. ಯಾರಾದರೂ ಕರುಣೆಯಿಂದ ಗೊಬ್ಬರ ಹಾಕಿ, ನೀರು ಹರಿಸಿ, ಗಿಡ ನೆಟ್ಟು ಉದ್ಧಾರ ಮಾಡಲು ಬಂದರೆ ಅವರ ಕೈ ಹಿಡಿದುಕೊಳ್ಳಿ. ಇದು ಹಸಿದೇ ಬಾಳಿದ ನೆಲ, ಹಸಿದೇ ಇರಲಿ ಎಂದು ಹೇಳಿ. ನೀವು ಕುರಿ ಕಾಯುವವರು, ನಿಮ್ಮ ಮಾತು ನಡೆಯುತ್ತದೋ ಇಲ್ಲವೋ ನನಗೆ ತಿಳಿಯದು. ಆದರೂ ಹೇಳಿ. ಯಾವುದನ್ನು ಪ್ರೀತಿಸುತ್ತೇವೋ ಅದಕ್ಕೆಲ್ಲ ಉಣ್ಣಿಸುವುದೊಂದೇ ನಮ್ಮ ವಂಶಕ್ಕೆ ಗೊತ್ತಿರುವುದು. ದೂರ ನಿಂತು ಪ್ರೀತಿಸುವುದನ್ನು ನಾವು ಇನ್ನೂ ಕಲಿಯಬೇಕು. ನನಗಂತೂ ಅದು ಕಷ್ಟವಾಗುತ್ತಿದೆ.

ಕಂಬ ಹತ್ತಲು ಓಬಳೇಶ ಬಂದು ಕಾಯುತ್ತಿದ್ದಾನೆ, ನನ್ನ ಮಂಡಿ ಈಗ ಅಷ್ಟು ಎತ್ತರಕ್ಕೆ ಒಪ್ಪುವುದಿಲ್ಲ. ನಮ್ಮ ಮಡಿಲು ಮೊದಲಿನಷ್ಟು ಬಡವಾಗಲು ಎಷ್ಟು ಮಳೆಗಾಲ ಬೇಕೋ ಯಾರೂ ಹೇಳಲಾರರು. ನಾನು ನೋಡುವುದಿಲ್ಲ, ಅವನೂ ನೋಡುವುದಿಲ್ಲವೇನೋ. ಪ್ರತಿ ವರ್ಷ ಮೇವಿನ ತಿಂಗಳಲ್ಲಿ ಹೋಗಿ, ಕೊಯ್ದು, ಹೊತ್ತು ತರುತ್ತೇವೆ. ನಮ್ಮ ನಂತರ ಮಕ್ಕಳು ತರುತ್ತಾರೆ. ಅಪ್ಪ ಬಹಳ ನಿಧಾನದ ಮನುಷ್ಯ, ಅವ್ವ ಹೊಸ್ತಿಲಲ್ಲಿ ನಿಂತು ಎಷ್ಟು ಕೂಗಿದರೂ ಬೇಗ ಹೊರಡುತ್ತಿರಲಿಲ್ಲ. ಈಗಲೂ ಹಾಗೆಯೇ, ಹೊರೆ ಹೊರೆಯಾಗಿ ಬರುತ್ತಿದ್ದಾನೆ. ಅವಳು ಕಾಯುತ್ತಾಳೆ.

ನಿಮ್ಮ ಮರಿಮಗಳ ಮರಿಮಗಳಿಗೂ ಆಚೆಯವಳು,
ಪಾಲಕ್ಕ